ಎಂಟು ವಾರದ ಮರಿಗೆ ಮನೆಯಲ್ಲೇ ಉಗುರು ತೆಗೆಯೋದು ಹೇಗೆ? ಮಾಡಿದವರು ಹೇಳಿ

ಚಕ್ಕುಲಿಯ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮೂರು ವಾರದ ಹಿಂದೆ ಮಳೆ ಬಂದ ರಾತ್ರಿ ನಮ್ಮ ಸ್ಕೂಟರ್ ಹತ್ತಿರ ಒಂದು ಬೆಕ್ಕಿನ ಮರಿ ಸಿಕ್ಕಿತು. ಹೆಣ್ಣು, ಮೂರು ಬಣ್ಣದ್ದು. ಡಾಕ್ಟರು ಹಲ್ಲು ನೋಡಿ ಈಗ ಎಂಟು ವಾರ ಇರಬಹುದು ಅಂದರು. ಸುತ್ತಿಕೊಂಡು ಮಲಗೋ ಚೆಂದ ನೋಡಿ ಮಗ ಚಕ್ಕುಲಿ ಅಂತ ಹೆಸರಿಟ್ಟ.

ಕಷ್ಟ ಇರೋದು ಉಗುರಿಂದು. ಸೀರೆ ಹಿಡಿದು ಸೀದಾ ಭುಜಕ್ಕೆ ಹತ್ತಿ ಬರ್ತಾಳೆ. ನನ್ನ ಮುಂಗೈ ನೋಡಿ ಆಫೀಸಲ್ಲಿ "ಗುಲಾಬಿ ಗಿಡ ನೆಟ್ರಾ?" ಅಂತ ಕೇಳಿದರು. ನನ್ನದು ಹೇಗೋ ಆಗುತ್ತೆ, ಅತ್ತೆಗೆ 72 ವರ್ಷ, ಶುಗರ್ ಇದೆ, ರಕ್ತ ತೆಳುವಾಗೋ ಮಾತ್ರೆ ಬೇರೆ ತಗೋತಾರೆ. ಮೊನ್ನೆ ಅವರ ಕೈಗೆ ಒಂದು ಸಣ್ಣ ಗೀರು ಬಿತ್ತು, ಹತ್ತು ನಿಮಿಷ ಹತ್ತಿ ಒತ್ತಿ ಹಿಡಿಯಬೇಕಾಯ್ತು.

ನಿನ್ನೆ ಧೈರ್ಯ ಮಾಡಿ ಮನೆಯ ನೈಲ್ ಕಟ್ಟರ್ ತಗೊಂಡು ಕೂತೆ. ಯಜಮಾನರು ಗಟ್ಟಿಯಾಗಿ ಹಿಡಿದರು, ನಾನು ಕಾಲು ಎಳೆದೆ. ಅವಳು ಕಿರುಚಿದ್ದು ಕೇಳಿ ಕೆಳಗಿನ ಮನೆಯವರು ಮೇಲೆ ಬಂದರು. ಒಂದು ಉಗುರೂ ಆಗಲಿಲ್ಲ, ಈಗ ನೈಲ್ ಕಟ್ಟರ್ ಕಂಡರೆ ಫ್ರಿಜ್ ಹಿಂದೆ ಸೇರ್ಕೋತಾಳೆ. ಇಷ್ಟು ಚಿಕ್ಕದಕ್ಕೆ ಉಗುರು ತೆಗೀಬಹುದಾ? ಎಷ್ಟು ತೆಗೀಬೇಕು? ರಕ್ತ ಬಂದರೆ ಏನು ಮಾಡೋದು? ಪ್ರತಿ ಸಲ ಡಾಕ್ಟರ ಹತ್ತಿರ ಓಡೋಕೆ ಆಗಲ್ಲ, ಆಟೋ ಹತ್ತಿದರೆ ಇಡೀ ರಸ್ತೆಗೆ ಕೇಳೋ ಹಾಗೆ ಅಳ್ತಾಳೆ.

ಮೂರು ಬೆಕ್ಕಿನ ಮನೆ, ಮೈಸೂರು

ಮೊದಲು ಆ ನೈಲ್ ಕಟ್ಟರನ್ನು ಒಂದು ವಾರ ಬೀರು ಒಳಗೆ ಇಟ್ಟು ಬೀಗ ಹಾಕಿ ಮೇಡಂ. ನೀವಿಬ್ಬರೂ ನಿನ್ನೆ ಮಾಡಿದ್ದನ್ನೇ ನಾನು ನಮ್ಮ ಮೊದಲನೇ ಬೆಕ್ಕಿಗೆ ಮಾಡಿದ್ದೆ. ಆಗ ಅವನಿಗೆ ಮೂರು ತಿಂಗಳು. ಈಗ ಒಂಬತ್ತು ವರ್ಷ, ಇವತ್ತಿಗೂ ಆ ಡ್ರಾ ಎಳೆದ ಸದ್ದು ಕೇಳಿದರೆ ಅಟ್ಟ ಹತ್ತುತ್ತಾನೆ. ಆಮೇಲೆ ಬಂದ ಎರಡು ಹೆಣ್ಣುಗಳಿಗೆ ಬೇರೆ ಥರ ಅಭ್ಯಾಸ ಮಾಡಿಸಿದೆ. ಅವು ತೊಡೆ ಮೇಲೆ ಗೊರಗೊರ ಅಂದ್ಕೊಂಡು ಮಲಗಿರುತ್ತವೆ, ನಾನು ಕತ್ತರಿಸ್ತಾ ಇರ್ತೀನಿ. ಎಲ್ಲರೂ ಬೆಕ್ಕಿನ ಸ್ವಭಾವ ಅಂತಾರೆ. ನನಗನ್ನಿಸೋದು, ಮುಕ್ಕಾಲು ಪಾಲು ನಮ್ಮ ಅವಸರ.

ಚಿಕ್ಕದು ಅಂತ ಹೆದರಬೇಡಿ, ಇದೇ ಸರಿಯಾದ ವಯಸ್ಸು. ಹುಟ್ಟಿದ ಮರಿಗೆ ಉಗುರು ಒಳಗೆ ಎಳ್ಕೊಳ್ಳೋಕೇ ಬರಲ್ಲ, ಸುಮಾರು ನಾಲ್ಕು ವಾರದ ಹೊತ್ತಿಗೆ ಬರುತ್ತೆ. ಎರಡರಿಂದ ಏಳು ವಾರದ ನಡುವೆ ಮನುಷ್ಯರ ಕೈಗೆ ಬಹಳ ಸುಲಭವಾಗಿ ಒಗ್ಗುತ್ತವೆ. ನಿಮಗೆ ಸಿಕ್ಕಾಗ ಐದು ವಾರದವಳು, ಹಾಗಾಗಿ ಕೈ ಅಂದರೆ ಭಯ ಇರಲಾರದು. ಭಯ ಇರೋದು ನಿನ್ನೆಯ ಹಿಡಿತದ ಬಗ್ಗೆ, ಅದು ಮರೆಯುತ್ತೆ.

ನಾನು ಮಾಡಿದ್ದು ಹೀಗೆ. ಹೊಟ್ಟೆ ತುಂಬ ತಿಂದು, ಕುಣಿದು ಸುಸ್ತಾಗಿ ಮಡಿಲಲ್ಲಿ ತೂಕಡಿಸುವಾಗ ಸುಮ್ಮನೆ ಮುಂಗಾಲು ಬೆರಳಲ್ಲಿ ಹಿಡ್ಕೊಳ್ಳೋದು, ಎರಡು ಸೆಕೆಂಡಿಗೆ ಬಿಡೋದು. ಅವಳು ಕಾಲು ಎಳೆದುಕೊಂಡರೆ ನಾವು ಎಳೀಬಾರದು, ಬಿಟ್ಟುಬಿಡಬೇಕು. ಎರಡು ಮೂರು ದಿನ ಇಷ್ಟೇ. ನಂತರ ಬೆರಳಿನ ಮೇಲೆ ಹೆಬ್ಬೆರಳು, ಕೆಳಗಿನ ಮೆತ್ತೆಗೆ ತೋರುಬೆರಳು ಇಟ್ಟು ಹಗುರವಾಗಿ ಅದುಮಿ. ಹಸಿ ಬಟಾಣಿ ಸಿಪ್ಪೆ ಅದುಮಿದರೆ ಕಾಳು ಹೊರಗೆ ಇಣುಕುತ್ತಲ್ಲ, ಹಾಗೆ ಉಗುರು ಹೊರಗೆ ಬರುತ್ತೆ. ನೋಡಿ, ಬಿಡಿ, ಏನಾದರೂ ತಿನ್ನೋಕೆ ಕೊಡಿ. ಬೇಯಿಸಿದ ಕೋಳಿಯ ಒಂದು ಎಳೆ ಸಾಕು. ಉಪ್ಪು, ಮಸಾಲೆ ಹಾಕದೆ ಬೇಯಿಸಿದ್ದಾಗಿರಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಸಾರಿನಿಂದ ತೆಗೆದ ತುಂಡು ಕೊಡಲೇಬೇಡಿ.

ಕಟ್ಟರ್ ಕಂಡರೆ ಹೆದರುತ್ತಾಳೆ ಅಂದ್ರಲ್ಲ, ಅದಕ್ಕೊಂದು ಉಪಾಯ ಇದೆ. ಒಣ ಶಾವಿಗೆ ಎಳೆ ತಗೊಂಡು ಅವಳ ಪಕ್ಕ ಕೂತು ಕಟ್ಟರಲ್ಲಿ "ಟಿಕ್" ಅಂತ ಕತ್ತರಿಸಿ, ಕೋಳಿ ಎಳೆ ಕೊಡಿ. ಮತ್ತೆ ಟಿಕ್, ಮತ್ತೆ ಎಳೆ. ಮೂರು ದಿನದಲ್ಲಿ ಆ ಸದ್ದು ಕೇಳಿದರೆ ಅವಳೇ ಓಡಿ ಬರ್ತಾಳೆ. ನಮ್ಮನೇಲಿ ಈ ಶಾವಿಗೆ ಪ್ರಯೋಗ ನೋಡಿ ನನ್ನ ತಮ್ಮ, ನನಗೇ ಡಾಕ್ಟರು ಬೇಕು ಅಂದಿದ್ದ.

ಕತ್ತರಿಸೋ ದಿನ ಕಿಟಕಿ ಪಕ್ಕ ಕೂರಿ. ಉಗುರು ಅದುಮಿ ಬೆಳಕಿಗೆ ಹಿಡಿದರೆ ಬುಡದಿಂದ ಅರ್ಧದವರೆಗೆ ಒಳಗೆ ಗುಲಾಬಿ ಬಣ್ಣದ ತ್ರಿಕೋನ ಕಾಣುತ್ತೆ. ಅದರೊಳಗೆ ರಕ್ತನಾಳ, ನರ ಎರಡೂ ಇವೆ, ಅಲ್ಲಿಗೆ ಹೋಗಲೇಬಾರದು. ಗುಲಾಬಿ ಮುಗಿದ ಮೇಲೆ ಗಾಜಿನಂತೆ ಕಾಣೋ ಕೊಕ್ಕೆ ಇದೆಯಲ್ಲ, ಅದರ ತುದಿ ಮಾತ್ರ. ಎಂಟು ವಾರದ ಮರಿಗೆ ಎಷ್ಟು ಅಂದರೆ ಅಕ್ಕಿ ನುಚ್ಚಿನಷ್ಟು, ಒಂದು ಮಿಲಿಮೀಟರ್. ಕತ್ತರಿಸಿದ ತುಂಡು ನೆಲದ ಮೇಲೆ ಹುಡುಕಿದರೂ ಸಿಗಬಾರದು, ಅಷ್ಟೇ ಸಾಕು. ಚುಚ್ಚೋದು ಆ ತುದಿ ಮಾತ್ರ. ಅದು ಹೋದರೆ ಸೀರೆಗೂ ಸಿಕ್ಕಲ್ಲ, ಕೈಗೂ ನಾಟಲ್ಲ.

ಇಷ್ಟು ಸಣ್ಣ ಉಗುರಿಗೆ ಮಗುವಿನ ನೈಲ್ ಕಟ್ಟರ್ ನಡೆಯುತ್ತೆ. ಬೆಕ್ಕಿಗೆ ಅಂತಲೇ ಕತ್ತರಿ ಥರದ್ದು ಬರುತ್ತೆ, ಬಾಯಲ್ಲಿ ಅರ್ಧಚಂದ್ರದ ಹಳ್ಳ ಇರುತ್ತೆ, ದೊಡ್ಡವಳಾದ ಮೇಲೆ ಅದೇ ವಾಸಿ. ಬೆಕ್ಕಿನ ಉಗುರು ನಮ್ಮ ಹಾಗೆ ಅಗಲ ಅಲ್ಲ, ಪಕ್ಕದಿಂದ ಚಪ್ಪಟೆ. ಹಾಗಾಗಿ ಕಟ್ಟರ್ ಬಾಯಿ ಉಗುರಿನ ಮೇಲೆ ಕೆಳಗೆ ಬರೋ ಹಾಗೆ ಹಿಡೀಬೇಕು. ಎಡಬಲದಿಂದ ಅದುಮಿದರೆ ಉಗುರು ಜಜ್ಜಿ ಸೀಳುತ್ತೆ.

ಲೆಕ್ಕ ನೋಡಿ: ಮುಂದಿನ ಒಂದೊಂದು ಕಾಲಿಗೆ ಐದು, ಹಿಂದಿನದಕ್ಕೆ ನಾಲ್ಕು, ಒಟ್ಟು ಹದಿನೆಂಟು. ಒಂದೇ ದಿನ ಹದಿನೆಂಟೂ ಮುಗಿಸ್ತೀನಿ ಅಂತ ಕೂತರೆ ನಿನ್ನೆಯ ಕಥೆಯೇ. ಮೊದಲ ದಿನ ಒಂದೇ ಒಂದು. ಅವಳು ಇನ್ನೂ ಖುಷಿಯಾಗಿ ಇರುವಾಗಲೇ ನಿಲ್ಲಿಸಿ. ಮಾರನೇ ದಿನ ಎರಡು. ಹಿಂದಿನ ಕಾಲಿನ ಉಗುರಿನಿಂದ ನಿಮಗೆ ಅಷ್ಟು ತೊಂದರೆ ಇಲ್ಲ, ಅದನ್ನು ಕೊನೆಗೆ ನೋಡ್ಕೊಳ್ಳಿ. ಮುಂಗಾಲಿನ ಒಳಬದಿಯಲ್ಲಿ ಸ್ವಲ್ಪ ಮೇಲೆ ಹೆಬ್ಬೆರಳಿನ ಥರ ಒಂದು ಇರುತ್ತೆ. ಅದು ನೆಲಕ್ಕೆ ತಾಗಲ್ಲ, ಸವೆಯಲ್ಲ. ಅದನ್ನು ಮಾತ್ರ ಮರೀಬೇಡಿ. ಬಿಟ್ಟರೆ ವಯಸ್ಸಾದ ಮೇಲೆ ಸುತ್ತಿಕೊಂಡು ಮೆತ್ತೆಗೇ ಚುಚ್ಚಿಕೊಳ್ಳುತ್ತೆ.

ಧಾರವಾಡದ ಕಾಕಾ

ಅಕ್ಕಾರ, ನಮ್ಮನ್ಯಾಗ ಎರಡು ಬೆಕ್ಕು ಅದಾವ್ರಿ. ಮೈಸೂರಿನವರು ಹೇಳಿದ್ದು ಖರೆ ಐತಿ, ಆದ್ರ ಎಲ್ಲಾ ಮರಿಗೂ ಅದು ನಡಿಯಂಗಿಲ್ಲ. ನಮ್ಮ ಎರಡನೇದು ಬಾಳ ಕಿಡಿಗೇಡಿ. ಅದಕ್ಕ ನನ್ನ ಹಳೇ ಧೋತರದಾಗ ಸಡಲಾಗಿ ಸುತ್ತಿ, ಮಾರಿ ಹೊರಗ, ಒಂದು ಕಾಲು ಹೊರಗ, ಅಷ್ಟ. ಮೆತ್ತನ್ನ ಹಳೇ ಅರಬಿ ಇರಬೇಕ್ರಿ, ಹೊಸಾ ಟಾವೆಲ್ಲಿನ ಎಳಿಗೆ ಉಗುರು ಸಿಕ್ಕೊಂಡು ಮತ್ತ ಅಂಜತಾವ. ಎರಡು ನಿಮಿಷ, ಮೂರು ಉಗುರು, ಬಿಟ್ಟುಬಿಡೂದು.

ಕುತ್ತಿಗಿ ತೊಗಲು ಹಿಡದು ಎತ್ತೋ ಮಂದಿ ಅದಾರ. ಬ್ಯಾಡ್ರಿ. "ತಾಯಿ ಹಂಗ ಹಿಡಿತೈತಲ್ಲ" ಅಂತಾರ. ತಾಯಿ ಹಿಡಿಯೂದು ಬ್ಯಾರೆ, ನಾವು ಹಿಡಿಯೂದು ಬ್ಯಾರೆ. ಇನ್ನೊಂದು, ಹೊಲಿಗಿ ಕತ್ತರಿ ಹಚ್ಚಬ್ಯಾಡ್ರಿ. ನಮ್ಮ ಹುಡುಗ ಒಮ್ಮೆ ಹಚ್ಚಿದ್ದ, ಉಗುರು ಉದ್ದುದ್ದಕ ಸೀಳಿತು, ಎಂಟು ದಿನ ಅದು ಕುಂಟಿಕೋತ ಅಡ್ಡಾಡ್ತು. ನನಗ ಊಟ ಸೇರಲಿಲ್ಲ.

ಚಕ್ಕುಲಿಯ ಅಮ್ಮ, ಬೆಂಗಳೂರು

ಇಬ್ಬರಿಗೂ ಥ್ಯಾಂಕ್ಸ್. ಕಾಕಾ, ಧೋತರದ ಐಡಿಯಾ ಹೇಳಿದ ಕೂಡಲೇ ಅತ್ತೆ ತಮ್ಮ ಹಳೇ ನೂಲಿನ ಸೀರೆ ತಂದುಕೊಟ್ಟರು. ಆದರೆ ಅವರದು ಒಂದು ಷರತ್ತು: ಮಂಗಳವಾರ, ಶುಕ್ರವಾರ ಉಗುರು ತೆಗೀಬಾರದು, ದೀಪ ಹಚ್ಚಿದ ಮೇಲಂತೂ ಮುಟ್ಟಲೇಬಾರದು. "ಬೆಕ್ಕಿಗೂನಾ ಅತ್ತೆ?" ಅಂದೆ. "ಬೆಕ್ಕಿಗಲ್ಲ, ಮನೆಗೆ" ಅಂದರು.

ಇನ್ನೊಂದು ಅನುಮಾನ. ಕಿಟಕಿ ಹತ್ತಿರ ಹಿಡಿದು ನೋಡಿದೆ, ಗುಲಾಬಿ ತ್ರಿಕೋನ ಚೆನ್ನಾಗಿ ಕಾಣಿಸಿತು. ಆದರೆ ಬಲ ಮುಂಗಾಲಿನ ಒಂದು ಉಗುರು ಪೂರ್ತಿ ಕಪ್ಪು. ಒಳಗೆ ಏನೂ ಕಾಣಲ್ಲ. ಅದನ್ನೇನು ಮಾಡಲಿ?

ಮೂರು ಬೆಕ್ಕಿನ ಮನೆ, ಮೈಸೂರು

ದೀಪ ಹಚ್ಚಿದ ಮೇಲೆ ಬೇಡ ಅನ್ನೋದರಲ್ಲಿ ನಾನು ನಿಮ್ಮ ಅತ್ತೆ ಪಾರ್ಟಿ. ಟ್ಯೂಬ್‌ಲೈಟಿನಲ್ಲಿ ಆ ಗುಲಾಬಿ ಕಾಣೋದೇ ಇಲ್ಲ, ನಾನು ರಕ್ತ ಬರಿಸಿದ್ದು ಒಂದೇ ಸಲ, ಅದೂ ರಾತ್ರಿ. ಕಪ್ಪು ಉಗುರಿಗೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಕೆಲವೊಮ್ಮೆ ನೆರಳು ಕಾಣುತ್ತೆ. ಕಾಣದಿದ್ದರೆ ಪಕ್ಕದ ಬೆರಳಿನ ಬಿಳಿ ಉಗುರಿಗೆ ಎಷ್ಟು ತೆಗೆದಿರೋ ಅದರ ಅರ್ಧ ತೆಗೆಯಿರಿ. ಅದಕ್ಕೂ ಧೈರ್ಯ ಬರದಿದ್ದರೆ ಬಿಟ್ಟುಬಿಡಿ. ಹದಿನೆಂಟರಲ್ಲಿ ಒಂದು ಚೂಪಾಗಿದ್ದರೆ ಪ್ರಳಯ ಆಗಲ್ಲ. ಮುಂದಿನ ಸಲ ಲಸಿಕೆಗೆ ಹೋದಾಗ ಡಾಕ್ಟರಿಗೇ ಹೇಳಿ.

ಪಶುವೈದ್ಯೆ, ಶಿವಮೊಗ್ಗ

ಉಗುರಿನ ವಿಷಯ ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಆದರೆ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ರಸ್ತೆಯಲ್ಲಿ ಸಿಕ್ಕ, ಇನ್ನೂ ರೇಬೀಸ್ ಲಸಿಕೆ ಆಗದ ಮರಿ. ನಿಮ್ಮ ಮುಂಗೈಯಲ್ಲಿ ಗೀರುಗಳು, ಅತ್ತೆಯವರಿಗೆ ರಕ್ತ ಬಂದಿದೆ. ಉಗುರು ಆಮೇಲೆ. ಮೊದಲು ನೀವಿಬ್ಬರೂ ಇವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಹೋಗಿ ಬೆಕ್ಕು ಪರಚಿದೆ ಅಂತ ಹೇಳಿ.

ಸುಮ್ಮನೆ ಹೆದರಿಸ್ತಿಲ್ಲ. ರೇಬೀಸ್ ನಾಯಿಯಿಂದ ಮಾತ್ರ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಬೆಕ್ಕು ಪಂಜ ನೆಕ್ಕಿಕೊಳ್ಳುತ್ತೆ, ಅದೇ ಪಂಜದಿಂದ ಪರಚುತ್ತೆ. ರಕ್ತ ಬರದ ಗೀರಿಗೂ ಲಸಿಕೆ ಬೇಕು, ರಕ್ತ ಬಂದಿದ್ದರೆ ಅದರ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್, ಅಂದರೆ ವೈರಸ್ ತಡೆಯೋ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಕೂಡ ಬೇಕಾಗುತ್ತೆ. ಲಸಿಕೆಯನ್ನು ಮಾಂಸಖಂಡಕ್ಕೆ ಕೊಟ್ಟರೆ 0, 3, 7, 14, 28ನೇ ದಿನ, ಚರ್ಮದೊಳಗೆ ಕೊಟ್ಟರೆ 0, 3, 7, 28ನೇ ದಿನ. 0 ಅಂದರೆ ಮೊದಲ ಡೋಸ್ ಹಾಕಿದ ದಿನ. ಮರಿ ನಿಮ್ಮ ಕಣ್ಣೆದುರೇ ಇದೆ. ಪರಚಿದ ದಿನದಿಂದ ಹತ್ತು ದಿನ ಆರೋಗ್ಯವಾಗಿದ್ದರೆ ಮುಂದಿನ ಡೋಸ್ ಬೇಕೋ ಬೇಡವೋ ಅಂತ ಡಾಕ್ಟರು ತೀರ್ಮಾನ ಮಾಡ್ತಾರೆ. ಆ ಹತ್ತು ದಿನ ಕಾದು ನೋಡಿ ಆಮೇಲೆ ಹೋಗೋಣ ಅಂತ ಮಾತ್ರ ಕೂರಬೇಡಿ. ಇನ್ನು ಮುಂದೆ ಯಾರಿಗೆ ಗೀರು ಬಿದ್ದರೂ ತಕ್ಷಣ ಸೋಪು ಹಚ್ಚಿ, ನಲ್ಲಿ ನೀರಿನ ಕೆಳಗೆ ಪೂರ್ತಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಅಂದಾಜಿನ ಹದಿನೈದು ನಿಮಿಷ ಯಾವಾಗಲೂ ಮೂರು ನಿಮಿಷವೇ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ಚಕ್ಕುಲಿಗೆ ಮೂರು ತಿಂಗಳು ತುಂಬಿದ ಕೂಡಲೇ ರೇಬೀಸ್ ಲಸಿಕೆ ಹಾಕಿಸಿ. ಬೆಕ್ಕಿನ ಬೇರೆ ರೋಗಗಳ ಲಸಿಕೆ ಎಂಟು ವಾರಕ್ಕೇ ಶುರು ಮಾಡಬಹುದು.

ಮೈಮೇಲೆ ಚಿಗಟ ಇದೆಯಾ ನೋಡಿ. ಬಾರ್ಟೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಚಿಗಟದಿಂದ ಬೆಕ್ಕಿಗೆ ಬಂದು, ಚಿಗಟದ ಹಿಕ್ಕೆ ಉಗುರಿಗೆ ಅಂಟಿ, ಗೀರಿನ ಮೂಲಕ ನಮಗೆ ಬರುತ್ತೆ. ಗೀರಿದ ಕಡೆ ಗುಳ್ಳೆ, ಕಂಕುಳಲ್ಲಿ ಗಡ್ಡೆ, ಜ್ವರ ಬಂದರೆ ಡಾಕ್ಟರಿಗೆ ಬೆಕ್ಕಿನ ವಿಷಯ ಹೇಳೋದು ಮರೀಬೇಡಿ. ಮರಿಗಳಲ್ಲೇ ಇದು ಹೆಚ್ಚು. ಶುಗರ್ ಇರೋ ಹಿರಿಯರಿರೋ ಮನೆಯಲ್ಲಿ ಚಿಗಟದ ಔಷಧಿ ಉಗುರು ಕತ್ತರಿಸೋಷ್ಟೇ ಮುಖ್ಯ. ನಾಯಿಗೆ ಹಾಕೋ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆತ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಈಗ ಉಗುರು. ಕೈತಪ್ಪಿ ಗುಲಾಬಿ ಭಾಗಕ್ಕೆ ತಾಗಿದರೆ ಒಂದೆರಡು ಹನಿ ರಕ್ತ ಬರುತ್ತೆ, ನೋಡೋಕೆ ಭಯ ಆಗುತ್ತೆ ಅಷ್ಟೇ. ಕತ್ತರಿಸೋಕೆ ಕೂರೋ ಮುಂಚೆಯೇ ಒಂದು ತಟ್ಟೆಯಲ್ಲಿ ಚೂರು ಕಾರ್ನ್‌ಫ್ಲೋರ್ ಇಟ್ಟುಕೊಳ್ಳಿ. ಉಗುರಿನ ತುದಿಯನ್ನು ಅದರಲ್ಲಿ ಅದ್ದಿ, ಹತ್ತಿಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನಿಂತಿತಾ ಅಂತ ನೋಡಬೇಡಿ. ಅವತ್ತಿಗೆ ಮುಗಿಸಿ. ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ ಕರ್ಕೊಂಡು ಬನ್ನಿ. ಫಿನಾಲ್ ಜಾತಿಯ ಆ್ಯಂಟಿಸೆಪ್ಟಿಕ್ ದ್ರವ, ಟೀ ಟ್ರೀ ಎಣ್ಣೆ ಹಚ್ಚಬೇಡಿ, ನೆಕ್ಕಿಕೊಂಡರೆ ವಿಷ. ನೋವಾಯ್ತು ಅಂತ ಪ್ಯಾರಸಿಟಮಾಲ್ ಅಂತೂ ಕಾಲು ಮಾತ್ರೆಯೂ ಕೊಡಬೇಡಿ. ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸೋ ಶಕ್ತಿ ಇಲ್ಲ. ಪ್ರೀತಿಯಿಂದ ಒಂದು ಮಾತ್ರೆ ಕೊಟ್ಟು ಬೆಕ್ಕು ಕಳ್ಕೊಂಡವರನ್ನು ನಾನು ನೋಡಿದ್ದೀನಿ.

ಮರಿಯ ಉಗುರು ಬೇಗ ಚೂಪಾಗುತ್ತೆ, ವಾರಕ್ಕೊಮ್ಮೆ ನೋಡಿ. ದೊಡ್ಡದಾದ ಮೇಲೆ ಎರಡು ಮೂರು ವಾರಕ್ಕೊಮ್ಮೆ ಸಾಕು.

ತೋಟದ ಮನೆ, ತೀರ್ಥಹಳ್ಳಿ ಕಡೆ

ನಾನು ಒಂದು ತಕರಾರು ತೆಗೀತೀನಿ. ನಮ್ಮಲ್ಲಿ ಬೆಕ್ಕು ಇರೋದು ಇಲಿ ಹಿಡಿಯೋಕೆ, ಅಡಿಕೆ ಅಟ್ಟ, ಕೊಟ್ಟಿಗೆ, ತೋಟ ಎಲ್ಲಾ ಕಡೆ ತಿರುಗುತ್ತೆ. ಪಟ್ಟಣದಿಂದ ಬಂದ ನಮ್ಮ ಸೊಸೆ ಪ್ರೀತಿಯಿಂದ ಅದರ ಮುಂಗಾಲಿನ ಉಗುರೆಲ್ಲ ತೆಗೆದಳು. ಮೂರನೇ ದಿನ ನಾಯಿ ಅಟ್ಟಿಸಿಕೊಂಡು ಬಂತು, ಬೆಕ್ಕು ಅಡಿಕೆ ಮರಕ್ಕೆ ಹಾರಿ ಅರ್ಧದಿಂದ ಜಾರಿ ಬಿತ್ತು. ಬದುಕಿಕೊಂಡಿತು, ಪುಣ್ಯ. ಅದಕ್ಕೆ ಹೇಳೋದು, ಮನೆಯೊಳಗೇ ಇರೋ ಬೆಕ್ಕಿಗೆ ತೆಗೀರಿ, ಹೊರಗೆ ತಿರುಗೋದಕ್ಕೆ ಬೇಡ. ನಿಮ್ಮದು ಎರಡನೇ ಮಹಡಿಯೋ ಮೂರನೇದೋ ಗೊತ್ತಿಲ್ಲ. ಬಾಲ್ಕನಿಗೆ ಬಲೆ ಇಲ್ಲದೇ ಇದ್ದರೆ ಮೊದಲು ಬಲೆ ಹಾಕಿಸಿ.

ಪಶುವೈದ್ಯೆ, ಶಿವಮೊಗ್ಗ

ತೋಟದ ಮನೆಯವರು ಹೇಳಿದ್ದು ಪೂರ್ತಿ ಸರಿ. ಇದರ ಜೊತೆಗೆ ಒಂದು ಮಾತು. "ಉಗುರು ಬರದ ಹಾಗೆ ಆಪರೇಷನ್ ಮಾಡಿಬಿಡಿ" ಅಂತ ಕೇಳಿಕೊಂಡು ವರ್ಷಕ್ಕೆ ಒಬ್ಬರಾದರೂ ಬರ್ತಾರೆ. ಅದು ಉಗುರು ಕೀಳೋದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸೋದು. ನಮ್ಮ ಬೆರಳನ್ನು ಕೊನೆಯ ಗೆಣ್ಣಿಗೆ ಕತ್ತರಿಸಿದ ಹಾಗೆ. ಅಮೆರಿಕದಲ್ಲಿ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು, ಯುರೋಪಿನ ಎಷ್ಟೋ ದೇಶಗಳಲ್ಲಿ ಅದಕ್ಕೂ ಮೊದಲೇ ಇಲ್ಲ. ನಾನಂತೂ ಬಾಗಿಲಿಂದಲೇ ವಾಪಸ್ ಕಳಿಸ್ತೀನಿ.

ಪುಚ್ಚೆ ಮನೆ, ಮಂಗಳೂರು

ಎಲ್ಲರೂ ಕತ್ತರಿಸುವುದನ್ನೇ ಹೇಳಿದ್ರಿ, ಪರಚಲಿಕ್ಕೆ ಜಾಗ ಕೊಡುವುದನ್ನು ಯಾರೂ ಹೇಳಲಿಲ್ಲ ಮಾರ್ರೆ. ಪುಚ್ಚೆ ಅಂದ ಮೇಲೆ ಅದು ಪರಚಿಯೇ ಪರಚುತ್ತದೆ. ಉಗುರಿನ ಹಳೆ ಪದರ ಕಳಚಲಿಕ್ಕೆ, ಮೈ ಮುರಿಯಲಿಕ್ಕೆ, ಇದು ನನ್ನ ಜಾಗ ಅಂತ ವಾಸನೆ ಬಿಡಲಿಕ್ಕೆ. ಪಂಜದ ಮೆತ್ತೆಯ ನಡುವೆ ವಾಸನೆಯ ಗ್ರಂಥಿ ಉಂಟು. ಸೋಫಾ ಬಿಡಬೇಕಾದರೆ ಅದಕ್ಕಿಂತ ಒಳ್ಳೆಯದು ಬೇರೆ ಕೊಡಬೇಕು.

ಅಂಗಡಿಯ ಕಂಬಕ್ಕೆ ಸಾವಿರಗಟ್ಟಲೆ ಕೊಡುವುದು ಬೇಡ. ನಾನು ಒಂದು ಮರದ ತುಂಡಿಗೆ ತೆಂಗಿನ ನಾರಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ ಬಾಗಿಲ ಬದಿಯಲ್ಲಿ ನಿಲ್ಲಿಸಿದ್ದೇನೆ. ಅಲ್ಲಾಡಬಾರದು, ಅಲ್ಲಾಡಿದರೆ ಮತ್ತೆ ಹತ್ತಿರ ಬರುವುದಿಲ್ಲ. ಬೆಕ್ಕು ದೊಡ್ಡದಾದಾಗ ಮೈ ಪೂರ್ತಿ ಚಾಚುವಷ್ಟು ಎತ್ತರ ಬೇಕು. ಕೆಲವು ಪುಚ್ಚೆಗಳಿಗೆ ನೆಲದಲ್ಲಿ ಹಾಸಿದ ಗೋಣಿಯೇ ಇಷ್ಟ. ಮಲಗಿ ಏಳುವ ಜಾಗದ ಹತ್ತಿರವೇ ಇಡಿ, ಎದ್ದ ಕೂಡಲೇ ಅವಕ್ಕೆ ಪರಚಬೇಕು.

ಮತ್ತೊಂದು. ಕೆಲವು ದಿನದಲ್ಲಿ ಚಾಪೆಯ ಮೇಲೆ ಉಗುರಿನ ಆಕಾರದ ಟೊಳ್ಳು ಸಿಪ್ಪೆ ಸಿಗಬಹುದು. ನಾನು ಮೊದಲ ಸಲ ನೋಡಿದಾಗ ಉಗುರೇ ಕಿತ್ತು ಬಂತು ಅಂತ ಅತ್ತುಬಿಟ್ಟೆ. ಅದು ಹಳೆ ಪದರ, ತಾನಾಗಿ ಬೀಳುತ್ತದೆ. ಒಳಗೆ ಹೊಸತು ಇನ್ನೂ ಚೂಪಾಗಿ ಇರುತ್ತದೆ!

ಕೈಬೆರಳು ಆಡಿಸಿ ಆಟ ಆಡಿಸುತ್ತೀರಾದರೆ ಅದನ್ನು ಇವತ್ತೇ ನಿಲ್ಲಿಸಿ. ಮರಿ ಇರುವಾಗ ಚೆಂದ, ಆರು ತಿಂಗಳಿಗೆ ಅದೇ ಕೈಯನ್ನು ಇಲಿ ಅಂತ ಹಿಡಿಯುತ್ತದೆ. ಒಂದು ಕೋಲಿಗೆ ಲಾಡಿ ಕಟ್ಟಿ ಆಡಿಸಿ, ಆಟ ಮುಗಿದ ಮೇಲೆ ಲಾಡಿ ಎತ್ತಿಡಿ, ಇಲ್ಲದಿದ್ದರೆ ನುಂಗುತ್ತವೆ.

ಚಕ್ಕುಲಿಯ ಅಮ್ಮ, ಬೆಂಗಳೂರು

ಹದಿನಾರು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಡಾಕ್ಟರಮ್ಮ, ಅವತ್ತೇ ಸಂಜೆ ಇಬ್ಬರೂ ಆಸ್ಪತ್ರೆಗೆ ಹೋದೆವು. ಅತ್ತೆ ದಾರಿಯುದ್ದಕ್ಕೂ "ಬೆಕ್ಕು ಪರಚಿದ್ದಕ್ಕೆಲ್ಲ ಸೂಜಿನಾ" ಅಂತ ಗೊಣಗಿದರು. ಅಲ್ಲಿ ನರ್ಸ್ ಕೂಡ ನೀವು ಹೇಳಿದ್ದನ್ನೇ ಹೇಳಿದ ಮೇಲೆ ಸುಮ್ಮನಾದರು. ಬಾಲ್ಕನಿಗೆ ಬಲೆ ಬಂತು. ಚಿಗಟ ಇತ್ತು, ಬೆಕ್ಕಿನ ಔಷಧಿಯನ್ನೇ ಹಾಕಿಸಿದೆವು.

ಶಾವಿಗೆ ಉಪಾಯ ಎರಡೇ ದಿನಕ್ಕೆ ಕೆಲಸ ಮಾಡಿತು. ಈಗ ಒಂದು ಹೊಸ ಕಷ್ಟ: ನಾನು ನನ್ನ ಉಗುರು ತೆಗೆಯೋಕೆ ಕೂತರೂ ಕೋಳಿ ಬೇಕು ಅಂತ ಬಂದು ಕೂರ್ತಾಳೆ. ಎಂಟನೇ ದಿನ ಮೊದಲನೇ ಉಗುರು. ನನ್ನ ಕೈ ಎಷ್ಟು ನಡುಗಿತು ಅಂದರೆ ಮೂರು ಸಲ ಕಟ್ಟರ್ ಕೆಳಗಿಟ್ಟೆ. ನಾಲ್ಕನೇ ಸಲ ಟಿಕ್ ಅಂತು. ಅವಳಿಗೆ ಗೊತ್ತೇ ಆಗಲಿಲ್ಲ, ತುಂಡು ಹುಡುಕಿದೆ, ಸಿಗಲಿಲ್ಲ. ಮೈಸೂರಿನವರು ಹೇಳಿದ ಅಳತೆ ಸರಿಯಾಗಿದೆ ಅಂದ್ಕೊಂಡೆ. ಮೊನ್ನೆ ಒಂದಕ್ಕೆ ರಕ್ತ ಬಂತು, ಅವಸರ ನನ್ನದೇ, ಕುಕ್ಕರ್ ಕೂಗ್ತಾ ಇತ್ತು. ಕಾರ್ನ್‌ಫ್ಲೋರ್ ತಟ್ಟೆ ಪಕ್ಕದಲ್ಲೇ ಇದ್ದಿದ್ದು ಒಳ್ಳೇದಾಯ್ತು. ಮೂರು ನಿಮಿಷಕ್ಕೆ ನಿಂತಿತು. ಅವಳು ಒಂದು ದಿನ ಮುಖ ಕೊಡಲಿಲ್ಲ, ಮಾರನೇ ದಿನ ಬರೀ ಕಾಲು ಹಿಡಿದು ಕೋಳಿ ಕೊಟ್ಟೆ, ಕತ್ತರಿಸಲಿಲ್ಲ.

ಇವತ್ತಿಗೆ ಮುಂಗಾಲಿನದು ಒಂಬತ್ತು ಆಗಿವೆ. ಹತ್ತನೆಯದು ಆ ಕಪ್ಪು ಉಗುರು, ಅದನ್ನು ಮುಟ್ಟಿಲ್ಲ. ಕೋಳಿ ಎಳೆ ಕೊಡೋ ಕೆಲಸ ಅತ್ತೆ ತಾವೇ ತಗೊಂಡಿದ್ದಾರೆ. ಮಡಿ ಹೆಂಗಸು, ಮಾಂಸ ಮುಟ್ಟಲ್ಲ, ಅದಕ್ಕೆ ಒಂದು ಹಳೇ ಇಕ್ಕಳ ಇಟ್ಟುಕೊಂಡಿದ್ದಾರೆ. ಈಗ ಇಕ್ಕಳದ ಸದ್ದಿಗೂ ಓಡಿ ಬರ್ತಾಳೆ. ನಾಳೆ ಬುಧವಾರ, ಹಿಂಗಾಲು ಶುರು.